ಗೇಮ್ ಮಾಡೋದನ್ನ ಲೈವ್ ತೋರಿಸ್ಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಒಬ್ನೇ ಕೂತು ಒಂದು ಪಜಲ್ ಗೇಮ್ ಮಾಡ್ತಾ ಇದೀನಿ. ಕೆಲಸ ಮಾಡೋದನ್ನೇ ಟ್ವಿಚ್‌ನಲ್ಲಿ ಲೈವ್ ಹಾಕು, ನೋಡಿದವ್ರೇ ರಿಲೀಸ್ ದಿನ ಕೊಂಡ್ಕೋತಾರೆ ಅಂತ ಎಲ್ರೂ ಹೇಳಿದ್ರು ಅಂತ ಶುರು ಮಾಡಿದೆ. ನೋಡೋರು ನಾಲ್ಕೈದು ಜನ, ಕೆಲಸ ಮಾತ್ರ ಅರ್ಧಕ್ಕೆ ಇಳಿದಿದೆ. ಮುಂದುವರಿಸ್ಲಾ, ಬಿಡ್ಲಾ?

ಉತ್ತರ: ಮಾರಾಟಕ್ಕೋಸ್ಕರ ಅಂತಾದ್ರೆ ಬಿಟ್ಬಿಡಿ. ಗೇಮ್ ಮಾಡೋದನ್ನ ನೋಡಕ್ಕೆ ಬರೋರಲ್ಲಿ ಬಹಳಷ್ಟು ಜನ ತಾವೂ ಗೇಮ್ ಮಾಡೋರೇ, ಇಲ್ಲಾ ಕಲೀತಾ ಇರೋರು, ಅವ್ರಿಗೆ ಬೇಕಾಗಿರೋದು ನಿಮ್ಮ ಕೋಡು, ನೀವು ಯೋಚನೆ ಮಾಡೋ ರೀತಿ, ನಿಮ್ಮ ಪಜಲ್ ಅಲ್ಲ. ಕೇಸಿ ಮುರಟೋರಿ ಅನ್ನೋ ಗೇಮ್ ಪ್ರೋಗ್ರಾಮರ್ 2014ರ ನವೆಂಬರ್‌ನಲ್ಲಿ ಹ್ಯಾಂಡ್‌ಮೇಡ್ ಹೀರೋ ಅಂತ ಶುರು ಮಾಡಿದ್ರಲ್ಲ, ರೆಡಿಮೇಡ್ ಇಂಜಿನ್ (ಗೇಮ್ ಕಟ್ಟಕ್ಕೆ ಸಿಗೋ ಸಿದ್ಧ ಸಾಫ್ಟ್‌ವೇರ್) ಇಲ್ದೇ ಮೊದಲ ಸಾಲಿನಿಂದ ಲೈವ್ ಆಗಿ ಕೋಡ್ ಬರೆಯೋದು, ನೂರಾರು ಎಪಿಸೋಡ್ ಆಯ್ತು, ಪ್ರೋಗ್ರಾಮರ್‌ಗಳು ಮುಗಿಬಿದ್ದು ನೋಡಿದ್ರು, ಆದ್ರೆ ಅದು ಹೆಸರು ಮಾಡಿದ್ದು ಪಾಠವಾಗಿ, ಅಂಗಡಿಯಲ್ಲಿ ಮಾರೋ ಗೇಮ್ ಆಗಿ ಅಲ್ಲ. ಆಡೋ ಜನ ಸಿಗೋದು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ನಿಮ್ಮ ಪೇಜ್‌ನಲ್ಲಿ, ಅಲ್ಲಿ ಮುಂದೆ ಕೊಳ್ಳೋಣ ಅಂತ ಗುರುತು ಹಾಕ್ಕೊಳೋ ವಿಶ್‌ಲಿಸ್ಟ್‌ನಲ್ಲಿ, ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್ ಥರದ ಡೆಮೋ ಹಬ್ಬಗಳಲ್ಲಿ. ಹಾಗಂತ ಸ್ಟ್ರೀಮ್ ಕೆಳಗೆ ಸ್ಟೀಮ್ ಪೇಜ್ ಲಿಂಕ್ ಹಾಕೋದು ಮರೀಬೇಡಿ, ಅದಕ್ಕೇನು ಖರ್ಚಿಲ್ಲ.

ಆದ್ರೆ ಲೈವ್‌ನಿಂದ ಬೇರೆ ಲಾಭ ಇದೆ. ಹೊತ್ತಿಗೆ ಸರಿಯಾಗಿ ಕೂರ್ತೀರಿ, ಮೊಬೈಲ್ ಮುಟ್ಟಲ್ಲ. ಏನು ಮಾಡ್ತಿದೀನಿ ಅಂತ ಬಾಯಿಬಿಟ್ಟು ಹೇಳ್ತಾ ಹೇಳ್ತಾನೇ ಎಷ್ಟೋ ಬಗ್ ತಾನಾಗೇ ಕಣ್ಣಿಗೆ ಬೀಳುತ್ತೆ. ಕೆಲಸ ನಿಧಾನ ಆಗೋದು ಯಾಕಂದ್ರೆ ಎಲ್ಲಾ ಕೆಲಸಾನೂ ಲೈವ್‌ನಲ್ಲೇ ಮಾಡಕ್ಕೆ ಹೋಗ್ತೀರಿ ಅದಕ್ಕೆ. ತಲೆ ಕೆಡಿಸೋ ಕೆಲಸ, ಅಂದ್ರೆ ಸೇವ್ ಸಿಸ್ಟಮ್ ಬರೆಯೋದು, ಕೈಗೆ ಸಿಗದ ಕ್ರ್ಯಾಶ್ ಹುಡುಕೋದು, ಇವೆಲ್ಲ ಕ್ಯಾಮೆರಾ ಆಫ್ ಮಾಡ್ಕೊಂಡು ಮಾಡಿ. ಲೆವೆಲ್ ಅಲಂಕಾರ, ಅನಿಮೇಷನ್, ಸೌಂಡ್ ಹೊಂದಿಸೋದು, ನಡುವೆ ಯಾರಾದ್ರೂ ಮಾತಾಡ್ಸಿದ್ರೂ ಕೆಡದೇ ಇರೋ ಕೆಲಸ, ಅದನ್ನ ತೋರಿಸಿ. ನಿಮ್ದು ಪಜಲ್ ಆಗಿರೋದ್ರಿಂದ ಕೊನೇ ಲೆವೆಲ್‌ಗಳ ಉತ್ತರ ಮಾತ್ರ ತೋರಿಸ್ಲೇಬೇಡಿ, ಗೊತ್ತಾದ್ಮೇಲೆ ಯಾರು ಆಡ್ತಾರೆ? ನಾಲ್ಕೈದು ಜನ ಅಂತ ಬೇಜಾರೂ ಬೇಡ, ಒಬ್ರಿಗೆ ಹೊಸ ಬಿಲ್ಡ್ (ಆಡಕ್ಕೆ ಬರೋ ಹಾಗೆ ಮಾಡಿದ ಗೇಮ್‌ನ ಪ್ರತಿ) ಕೊಟ್ಟು ಅವ್ರು ಎಲ್ಲಿ ಸಿಕ್ಕಿಹಾಕ್ಕೋತಾರೆ ಅಂತ ಸುಮ್ನೆ ನೋಡಿ, ಅಷ್ಟು ಒಳ್ಳೇ ಟೆಸ್ಟಿಂಗ್ ದುಡ್ಡು ಕೊಟ್ರೂ ಸಿಗಲ್ಲ.

ಪ್ರಶ್ನೆ: ಲೈವ್‌ನಲ್ಲಿ ತೋರಿಸಿದ್ರೆ ಐಡಿಯಾ ಕದಿಯಲ್ವಾ?

ಉತ್ತರ: ಐಡಿಯಾ ಕದ್ದೋರು ನಿಮ್ಮಷ್ಟೇ ಹೊತ್ತು ಕೂತು ಗೇಮ್ ಮುಗಿಸ್ಬೇಕಲ್ಲ! ಚಿಕ್ಕ ಮೊಬೈಲ್ ಗೇಮ್, ವಾರದಲ್ಲಿ ನಕಲು ಮಾಡೋ ಅಂಥದ್ದು ಆಗಿದ್ರೆ ಮಾತ್ರ ರಿಲೀಸ್ ಹತ್ರ ಬರೋವರೆಗೂ ಗುಟ್ಟಾಗಿಡಿ.

ಪ್ರಶ್ನೆ: ಸ್ಟ್ರೀಮ್‌ನಲ್ಲಿ ನನ್ನ ಕೋಡ್ ಮಸುಕು ಮಸುಕಾಗಿ ಕಾಣುತ್ತೆ ಅಂತಾರೆ. ಜೊತೆಗೆ, ತಪ್ಪಿ ಏನಾದ್ರೂ ತೋರಿಸ್ಬಿಟ್ರೆ ಅಂತ ಭಯ. ಏನು ಮಾಡ್ಲಿ?

ಉತ್ತರ: ವಿಡಿಯೋ ಕಂಪ್ರೆಸ್ ಆಗುವಾಗ ಸಣ್ಣ ಅಕ್ಷರಗಳೇ ಮೊದ್ಲು ಹಾಳಾಗೋದು, ಅದರಲ್ಲೂ ಫೈಲ್‌ನ ಜೋರಾಗಿ ಸ್ಕ್ರೋಲ್ ಮಾಡಿದಾಗ. ಫಾಂಟ್ ದೊಡ್ಡದು ಮಾಡಿ, ನಿಮಗೇ ಅತಿ ಅನ್ನಿಸ್ಬೇಕು ಅಷ್ಟು. ನೋಡೋರಲ್ಲಿ ಮೊಬೈಲ್‌ನಲ್ಲಿ ನೋಡೋರೂ ಇರ್ತಾರೆ. ಕೋಡ್‌ಗೆ 60 ಫ್ರೇಮ್ ಬೇಕಾಗಿಲ್ಲ, 30 ಸಾಕು, ಅದೇ ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಕಳಿಸೋ ಡೇಟಾ) ಒಂದೊಂದು ಫ್ರೇಮ್‌ಗೂ ಜಾಸ್ತಿ ಪಾಲು ಸಿಗುತ್ತೆ.

ಭಯದ ವಿಷಯ, ಅದು ಇರಲೇಬೇಕು. ಓಬಿಎಸ್ ಅನ್ನೋ ಸ್ಟ್ರೀಮಿಂಗ್ ಸಾಫ್ಟ್‌ವೇರ್‌ನಲ್ಲಿ ಇಡೀ ಸ್ಕ್ರೀನ್ ಹಾಕೋ ಬದ್ಲು ಎಡಿಟರ್ ವಿಂಡೋ, ಗೇಮ್ ವಿಂಡೋ ಇವೆರಡನ್ನೇ ಹಾಕಿ, ಆಗ ಮೇಲ್ ನೋಟಿಫಿಕೇಷನ್ ಬಂದ್ರೂ ಹೊರಗೆ ಕಾಣಲ್ಲ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಆನ್‌ಲೈನ್ ಸೇವೆ ಬಳಸಕ್ಕೆ ಕೊಡೋ ಗುಟ್ಟಿನ ಕೋಡ್) ಇರೋ ಫೈಲ್ ತೆಗೀಬೇಕು ಅಂದ್ರೆ ಮೊದ್ಲೇ ಒಂದು ಖಾಲಿ ಸೀನ್ ರೆಡಿ ಇಟ್ಕೊಂಡು ಅದಕ್ಕೆ ಬದಲಾಯಿಸಿ. ಒಂದು ಕ್ಷಣ ಕೀ ಕಂಡುಬಿಟ್ರೂ ಯಾರೂ ನೋಡಿಲ್ಲ ಬಿಡು ಅಂತ ಅಂದ್ಕೋಬೇಡಿ, ರೆಕಾರ್ಡಿಂಗ್ ನಿಲ್ಲಿಸಿ ಓದ್ಕೋಬಹುದು, ವಿಡಿಯೋ ಡಿಲೀಟ್ ಮಾಡಿದ್ರೂ ಪ್ರಯೋಜನ ಇಲ್ಲ, ಆ ಕೀನೇ ರದ್ದು ಮಾಡಿ ಹೊಸದು ತಗೊಳ್ಳಿ. ಇನ್ನು ಪ್ಲೇಸ್ಟೇಷನ್ ಥರದ ಕನ್ಸೋಲ್‌ಗೆ ಪೋರ್ಟ್ ಮಾಡೋ, ಅಂದ್ರೆ ಗೇಮ್ ಅದರಲ್ಲಿ ಓಡೋ ಹಾಗೆ ಮಾಡೋ ಕೆಲಸ ಲೈವ್ ಹಾಕ್ಬೇಡಿ, ಕನ್ಸೋಲ್ ಕಂಪನಿಗಳು ಕೊಡೋ ಡೆವಲಪರ್ ಟೂಲ್, ಡಾಕ್ಯುಮೆಂಟ್ ಬಹುತೇಕ ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿಸ್ಕೊಂಡೇ ಕೊಡೋದು.