47 ವರ್ಷ, ಮುಟ್ಟು ನಿಲ್ಲುವ ವಯಸ್ಸು, ರಾತ್ರಿ ನಿದ್ದೆ ಇಲ್ಲ, ಕುಕ್ಕರ್ ಕೂಗಿದರೂ ಸಿಟ್ಟು. ಆಯುರ್ವೇದದಲ್ಲಿ ಮನೆಯಲ್ಲೇ ಮಾಡುವಂಥದ್ದು ಏನಾದರೂ ಇದೆಯೇ?

ಕುಕ್ಕರ್ ವಿಷಯ ಓದಿ ನಗು ಬಂತು, ಕ್ಷಮಿಸಿ. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ಇದ್ದೆ. ಆಗ ನನಗೆ 48. ಬೆಂಗಳೂರಲ್ಲಿ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಟ. ಮನೆಗೆ ಬಂದ ಮೇಲೂ ಕಿವಿಯೊಳಗೆ ಹಾರ್ನ್ ಹೊಡೆಯುತ್ತಲೇ ಇರುತ್ತಿತ್ತು.

ಎಣ್ಣೆ, ಕಷಾಯ ಎಲ್ಲಾ ಆಮೇಲೆ. ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ. ನನಗೆ ಥೈರಾಯ್ಡ್ ಇತ್ತು. ಅದು ಗೊತ್ತಿಲ್ಲದೆ ಎಂಟು ತಿಂಗಳು ಸುಮ್ನೆ ಒದ್ದಾಡಿದೆ.

ಇನ್ನು ಆಯುರ್ವೇದ. ರೋಗಕ್ಕೆ ಚರಕ ಸಂಹಿತೆ ಹೇಳುವ ಮೂರು ಕಾರಣಗಳಲ್ಲಿ ಒಂದು, ಕಣ್ಣು ಕಿವಿ ಮೂಗುಗಳನ್ನು ಅತಿಯಾಗಿ, ತೀರಾ ಕಡಿಮೆ ಅಥವಾ ತಪ್ಪಾಗಿ ಬಳಸುವುದು. ಕಿವಿಗೆ ಅತಿಯಾಗುವ ಶಬ್ದಕ್ಕೆ ಅದು ಕೊಡುವ ಉದಾಹರಣೆ ಗುಡುಗು, ನಗಾರಿ, ಕಿರುಚಾಟ. ಸಿಲ್ಕ್ ಬೋರ್ಡ್ ಟ್ರಾಫಿಕ್ ಆಗ ಇರಲಿಲ್ಲ ನೋಡಿ! ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡುವುದನ್ನೂ ತಪ್ಪು ಬಳಕೆ ಎನ್ನುತ್ತದೆ. ಚಾಳೀಸು ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಫೋನ್ ನೋಡುತ್ತಿದ್ದವಳಿಗೆ ಇದು ಸರಿಯಾಗಿ ತಾಗಿತು.

ಹಾಗಾಗಿ ನಾನು ಹೊಸದೇನೂ ಕೊಳ್ಳಲಿಲ್ಲ. ಸುವಾಸನೆಯ ಯಂತ್ರ, ಏಳು ದಿನದ ಪ್ಯಾಕೇಜು ಯಾವುದೂ ಬೇಡ. ಗಾಣದ ಎಳ್ಳೆಣ್ಣೆ ಅರ್ಧ ಲೀಟರ್ ತಂದೆ, ಅಷ್ಟೆ. ಮೈಗೆಲ್ಲಾ ದಿನಾ ಎಣ್ಣೆ ಹಚ್ಚಲು ಯಾರಿಗೆ ಪುರಸೊತ್ತಿದೆ? ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಹಚ್ಚಿ ಎಂದು ಅಷ್ಟಾಂಗ ಹೃದಯ ಎಂಬ ಇನ್ನೊಂದು ಆಯುರ್ವೇದ ಗ್ರಂಥದಲ್ಲಿದೆ. ನಾನು ಪಾದ ಮಾತ್ರ ಹಿಡಿದುಕೊಂಡೆ.

ಎಣ್ಣೆಯ ಬಟ್ಟಲನ್ನು ಬಿಸಿನೀರಲ್ಲಿ ಐದು ನಿಮಿಷ ಇಡಿ. ಹಾಸಿಗೆ ಮೇಲೆ ಹಳೇ ಟವೆಲ್ ಹಾಸಿಕೊಂಡು ಹಿಮ್ಮಡಿ, ಅಂಗಾಲು, ಬೆರಳ ಸಂದಿ ನಿಧಾನಕ್ಕೆ ಉಜ್ಜಿ. ಆಮೇಲೆ ಹಳೇ ಕಾಲುಚೀಲ. ಬಾತ್‌ರೂಮಿಗೆ ಮೊದಲೇ ಹೋಗಿ ಬಂದಿರಿ! ಎರಡನೇ ದಿನವೇ ಎಣ್ಣೆಗಾಲಲ್ಲಿ ಟೈಲ್ಸ್ ಮೇಲೆ ಜಾರಿ, ನಲ್ಲಿ ಹಿಡಿದು ಹೇಗೋ ಉಳಿದುಕೊಂಡೆ.

ವಾರದೊಳಗೆ ನಿದ್ದೆ ಸುಧಾರಿಸಿತು. ಎಳ್ಳೆಣ್ಣೆಯ ಮಹಿಮೆಯೋ, ಎಣ್ಣೆ ಕೈಯಲ್ಲಿ ಫೋನ್ ಮುಟ್ಟಲಾಗದ ಮಹಿಮೆಯೋ? ನನ್ನ ಅನುಮಾನ ಎರಡನೆಯದರ ಮೇಲೇ ಜಾಸ್ತಿ. ಆದರೂ ಕಾಲುಚೀಲದೊಳಗಿನ ಆ ಬೆಚ್ಚಗೆ ಇದೆಯಲ್ಲ, ಅದನ್ನು ಬಿಡಲು ಮನಸ್ಸಿಲ್ಲ. ಶುಕ್ರವಾರ ಗಾಂಧಿ ಬಜಾರಿನಿಂದ ಒಂದು ಮೊಳ ಮಲ್ಲಿಗೆ ತಂದು ದಿಂಬಿನ ಪಕ್ಕ ಇಡುತ್ತೇನೆ. ಅದು ಔಷಧಿಯಲ್ಲ, ಆಸೆ.

ಜ್ವರ, ಅಜೀರ್ಣ ಇದ್ದ ದಿನ ಎಣ್ಣೆ ಬೇಡ. ಕಿವಿಯೊಳಗೆ ಸುರಿಯಲೇಬೇಡಿ. ಲೋಹ, ಖನಿಜ ಸೇರಿಸಿ ಮಾಡುವ ಭಸ್ಮ, ರಸೌಷಧಿಗಳಲ್ಲಿ ಪಾದರಸ, ಸೀಸ ಇರಬಹುದು, ಆನ್‌ಲೈನಲ್ಲಿ ತರಿಸಿ ನುಂಗಬೇಡಿ. ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ, ವೈದ್ಯರನ್ನೇ ಕೇಳಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ನೇರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಒಂದು ಹನಿಯಾದರೂ ಸರಿ.