ಗೋಡೆಯ ಫೋಟೊ ತೆಗೆದರೆ ಮನೆಯ ಬೆಲೆ ಏರುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಒಂಬತ್ತು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇದ್ದೇವೆ. ರಿಫೈನಾನ್ಸ್‌ಗೆ, ಅಂದರೆ ಹಳೆಯ ಮನೆಸಾಲದ ಬದಲು ಹೊಸ ಸಾಲಕ್ಕೆ, ಅರ್ಜಿ ಹಾಕಿದೆವು. ಅಪ್ರೈಸಲ್, ಅಂದರೆ ಸಾಲಕ್ಕಾಗಿ ಮನೆಗೆ ಕಟ್ಟಿದ ಬೆಲೆ, ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಬಂದಿದೆ. ಕನ್ನಡ ಕೂಟದ ಗೆಳತಿಯೊಬ್ಬರು, ‘ಅಪ್ರೈಸರ್ ಬರುವ ದಿನ ದೇವರ ಫೋಟೊ, ಬಾಗಿಲ ತೋರಣ ಎಲ್ಲ ತೆಗೆದಿಡಬೇಕಿತ್ತು, ಇಲ್ಲಿ ಮುಖ ನೋಡಿ ಬೆಲೆ ಕಟ್ಟುತ್ತಾರೆ’ ಅಂದರು. ನಮ್ಮನೆಯವರು ‘ಅದೆಲ್ಲ ಸುಮ್ನೆ ಮಾತು, ಪುರಾವೆ ಎಲ್ಲಿದೆ?’ ಅಂತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮನೆಯ ಈ ಜಗಳ ಅಮೆರಿಕದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ನಡುವೆಯೂ ನಡೆದಿದೆ ಮೇಡಂ. ನಿಮ್ಮ ಗೆಳತಿಯ ಮಾತು ಪೂರ್ತಿ ಸುಳ್ಳಲ್ಲ. ನಿಮ್ಮವರ ಅನುಮಾನವೂ ಪೂರ್ತಿ ತಪ್ಪಲ್ಲ. ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಪ್ರೈಸರ್ ಮನೆಯವರ ಬಣ್ಣ ನೋಡಿ ಬೆಲೆ ಇಳಿಸುತ್ತಾರಾ ಅನ್ನುವುದು ಒಂದು. ಬೆಲೆ ಕಟ್ಟುವ ಪದ್ಧತಿಯೇ ಕೆಲವು ಬಡಾವಣೆಗಳನ್ನು ಕೆಳಗೆ ಹಿಡಿದಿಟ್ಟಿದೆಯಾ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಎಲ್ಲರೂ ಹೇಳುವ ಉದಾಹರಣೆ ಬಾಲ್ಟಿಮೋರ್‌ನದು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕಪ್ಪು ವರ್ಣೀಯ ದಂಪತಿ 2021ರಲ್ಲಿ ರಿಫೈನಾನ್ಸ್‌ಗೆ ಹೋದರು. ಅಪ್ರೈಸಲ್ 4,72,000 ಡಾಲರ್ ಬಂತು. ಕೆಲವು ತಿಂಗಳ ನಂತರ ಮನೆಯ ಫೋಟೊಗಳನ್ನೆಲ್ಲ ತೆಗೆದು, ಬಿಳಿಯ ಸಹೋದ್ಯೋಗಿಯೊಬ್ಬರನ್ನು ಮನೆಯವರ ಹಾಗೆ ನಿಲ್ಲಿಸಿದರು. ಆಗ ಬಂದದ್ದು 7,50,000. ನಿಮ್ಮ ಗೆಳತಿಯ ಸಲಹೆ ಇಂಥ ಸುದ್ದಿಗಳಿಂದಲೇ ಹುಟ್ಟಿದ್ದು. ಕೇಳಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ದಂಪತಿ ಕೇಸು ಹಾಕಿದಾಗ ಮೊದಲ ಅಪ್ರೈಸರ್ ಆರೋಪ ಒಪ್ಪಲಿಲ್ಲ. ತಿರುಗಿ ಮಾನನಷ್ಟದ ದಾವೆ ಹೂಡಿದರು. ಎರಡು ಅಪ್ರೈಸಲ್‌ಗಳ ನಡುವೆ ಮನೆ ಬೆಲೆಗಳು ಏರುತ್ತಲೂ ಇದ್ದವು. ಅಷ್ಟರಿಂದಲೇ 2,78,000 ಡಾಲರ್ ವ್ಯತ್ಯಾಸ ಬಂತು ಅನ್ನುವುದನ್ನು ನಾನು ನಂಬುವುದಿಲ್ಲ. ಆದರೂ ಒಂದೇ ಮನೆಯ ಕತೆಯಿಂದ ಇಡೀ ದೇಶದ ಲೆಕ್ಕ ಸಿಗುವುದಿಲ್ಲ.

ಆ ಲೆಕ್ಕಕ್ಕೆ ಹೋಗಬೇಕಾದ್ದು, ಬ್ಯಾಂಕುಗಳಿಂದ ಮನೆಸಾಲಗಳನ್ನು ಕೊಳ್ಳುವ ಫ್ರೆಡ್ಡಿ ಮ್ಯಾಕ್ ಸಂಸ್ಥೆಯ 2021ರ ವರದಿಗೆ. 2015ರಿಂದ 2020ರವರೆಗಿನ 1.2 ಕೋಟಿಗೂ ಹೆಚ್ಚು ಅಪ್ರೈಸಲ್‌ಗಳನ್ನು ಅವರು ನೋಡಿದರು. ಎಲ್ಲವೂ ಮನೆ ಖರೀದಿಯವು. ಕೊಳ್ಳುವವರು ಮತ್ತು ಮಾರುವವರು ಒಪ್ಪಿದ ಬೆಲೆಗಿಂತ ಅಪ್ರೈಸಲ್ ಕಡಿಮೆ ಬಂದದ್ದು ಬಿಳಿಯರು ಹೆಚ್ಚಿರುವ ಬಡಾವಣೆಗಳಲ್ಲಿ ನೂರಕ್ಕೆ 7.4. ಕಪ್ಪು ವರ್ಣೀಯರು ಹೆಚ್ಚಿರುವ ಕಡೆ 12.5. ಲ್ಯಾಟಿನೋಗಳು ಹೆಚ್ಚಿರುವ ಕಡೆ 15.4.

ಇದನ್ನು ಎರಡು ಸಲ ಓದಿ. ಖರೀದಿಯಲ್ಲಿ ಒಪ್ಪಂದದ ಬೆಲೆ ಅಪ್ರೈಸರ್‌ಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೇ ಹೆಚ್ಚಿನ ಅಪ್ರೈಸಲ್‌ಗಳು ಆ ಬೆಲೆಗೆ ಸರಿಯಾಗಿ ಅಥವಾ ಸ್ವಲ್ಪ ಮೇಲೆ ಬಂದು ಕೂರುತ್ತವೆ. ಕಣ್ಣೆದುರು ಉತ್ತರ ಇದ್ದೂ ಕೆಲವು ಬಡಾವಣೆಗಳಲ್ಲಿ ಅದು ಒಪ್ಪಿಗೆ ಆಗದಿರುವುದು ಹೆಚ್ಚು. ರಿಫೈನಾನ್ಸ್‌ನಲ್ಲಿ ಆ ಉತ್ತರವೇ ಇರುವುದಿಲ್ಲ. ಅಪ್ರೈಸರ್‌ನ ಸ್ವಂತ ಅಂದಾಜಿಗೆ ಜಾಸ್ತಿ ಜಾಗ. ಮನಸ್ಸಿಗೆ ತಟ್ಟುವ ಕತೆಗಳಲ್ಲಿ ಬಹಳಷ್ಟು ರಿಫೈನಾನ್ಸ್‌ನವೇ ಆಗಿರುವುದು ಇದಕ್ಕೇ ಇರಬಹುದು.

ಈಗ ನಿಮ್ಮವರ ಪಕ್ಷ. ಬ್ರೂಕಿಂಗ್ಸ್ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಒಂದು ಲೆಕ್ಕ ಹೇಳಿತು. ಒಂದೇ ಥರದ ಮನೆ, ಒಂದೇ ಥರದ ಸೌಕರ್ಯ ಇದ್ದರೂ ಕಪ್ಪು ವರ್ಣೀಯರು ಹೆಚ್ಚಿರುವ ಬಡಾವಣೆಯಲ್ಲಿ ಬೆಲೆ ಶೇಕಡ 23 ಕಡಿಮೆ, ಮನೆಗೆ ಸರಾಸರಿ 48,000 ಡಾಲರ್ ನಷ್ಟ ಎಂದು. ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಎಂಬ ಇನ್ನೊಂದು ಸಂಶೋಧನಾ ಸಂಸ್ಥೆಯವರು ಇದನ್ನು ಒಪ್ಪಲಿಲ್ಲ. ಜನರ ಆದಾಯ, ಸಾಲದ ಅರ್ಹತೆ ಮುಂತಾದವನ್ನು ಲೆಕ್ಕಕ್ಕೆ ತಂದರೆ ಈ ಅಂತರ ಬಹುಪಾಲು ಕರಗುತ್ತದೆ ಅಂದರು. ಬ್ರೂಕಿಂಗ್ಸ್‌ನವರು ಇಲ್ಲ, ಉಳಿಯುತ್ತದೆ ಅಂದರು. ಆಕ್ಷೇಪ ಹಗುರದ್ದಲ್ಲ. ಆದರೆ ನನಗೆ ಅದರಲ್ಲಿ ಒಂದು ತೊಡಕು ಕಾಣುತ್ತದೆ. ಕಪ್ಪು ವರ್ಣೀಯರಿಗೆ ಮೂರು ತಲೆಮಾರು ಒಳ್ಳೆಯ ಬಡಾವಣೆಯಲ್ಲಿ ಸಾಲ ಕೊಡದೆ ಇಟ್ಟು, ಈಗ ‘ಬೆಲೆ ಕಡಿಮೆ ಇರುವುದು ಬಣ್ಣದಿಂದಲ್ಲ, ಆಸ್ತಿ ಕಡಿಮೆ ಇರುವುದರಿಂದ’ ಅಂದರೆ ಏನು ಹೇಳಿದಂತಾಯಿತು?

ಇದು ಬರೀ ವಾದಕ್ಕೆ ಹೇಳುತ್ತಿರುವುದಲ್ಲ. 1933ರಲ್ಲಿ ಹೋಮರ್ ಹಾಯ್ಟ್ ಎಂಬ ಅರ್ಥಶಾಸ್ತ್ರಜ್ಞ ಷಿಕಾಗೊದ ಜನಾಂಗಗಳನ್ನು ಜಮೀನಿನ ಬೆಲೆಯ ಮೇಲೆ ಅವರ ಪರಿಣಾಮ ಏನು ಎಂದು ಮೇಲಿನಿಂದ ಕೆಳಗೆ ಪಟ್ಟಿ ಮಾಡಿದ್ದರು. ಮೇಲೆ ಇಂಗ್ಲಿಷರು, ಜರ್ಮನ್ನರು. ತಳದಲ್ಲಿ ಕಪ್ಪು ವರ್ಣೀಯರು, ಮೆಕ್ಸಿಕನ್ನರು. ಅದೇ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಸಾಲಕ್ಕೆ ಅಪಾಯ ಅಂದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. 1968ರಲ್ಲಿ ಫೇರ್ ಹೌಸಿಂಗ್ ಕಾಯ್ದೆ ಬಂತು. ಆದರೂ ಅಪ್ರೈಸರ್‌ಗಳ ಪಠ್ಯದಿಂದ ಜನಾಂಗದ ಮಾತು ತೆಗೆಸಲು ಕೇಂದ್ರ ಸರ್ಕಾರ ಅವರ ಸಂಘದ ಮೇಲೆ ಕೇಸು ಹಾಕಬೇಕಾಯಿತು. ರಾಜಿಯಾದದ್ದು 1977ರಲ್ಲಿ.

ಪಠ್ಯ ಹೋಯಿತು, ಪದ್ಧತಿ ಉಳಿಯಿತು. ಅಪ್ರೈಸರ್ ಬೆಲೆ ಕಟ್ಟುವುದು ‘ಕಾಂಪ್ಸ್’ ನೋಡಿ, ಅಂದರೆ ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ, ನಿಮ್ಮದರ ಹಾಗೇ ಇರುವ ಮನೆಗಳನ್ನು ನೋಡಿ. ಕನಿಷ್ಠ ಮೂರು ಬೇಕು. ಹಳೆಯ ಅನ್ಯಾಯದಿಂದ ಕುಗ್ಗಿದ ಬೆಲೆಗಳೇ ಹೊಸ ಬೆಲೆಗೆ ಅಳತೆಗೋಲು ಆಗುತ್ತವೆ. ಇದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ. ಯಾವ ಮೂರು ಮನೆ ಆರಿಸಿದರು, ರಸ್ತೆಯ ಈ ಬದಿಯವೋ ಆ ಬದಿಯವೋ, ಅಲ್ಲೇ ಸಾವಿರಾರು ಡಾಲರ್ ಆಚೀಚೆ ಆಗುತ್ತದೆ. ಫ್ರೆಡ್ಡಿ ಮ್ಯಾಕ್‌ನ ಹಾಗೇ ಮನೆಸಾಲ ಕೊಳ್ಳುವ ಫ್ಯಾನಿ ಮೇ ಸಂಸ್ಥೆ 2022ರಲ್ಲಿ 18 ಲಕ್ಷ ರಿಫೈನಾನ್ಸ್ ಅಪ್ರೈಸಲ್‌ಗಳನ್ನು ಕಂಪ್ಯೂಟರ್ ಲೆಕ್ಕದ ಜತೆ ಹೋಲಿಸಿ ಒಂದು ವಿಚಿತ್ರ ಕಂಡುಕೊಂಡಿತು. ಕಪ್ಪು ವರ್ಣೀಯರ ಮನೆಗಳಿಗೆ ಬೆಲೆ ಇಳಿಸಿದ್ದಕ್ಕಿಂತ, ಕಪ್ಪು ವರ್ಣೀಯರು ಹೆಚ್ಚಿರುವ ಬಡಾವಣೆಗಳಲ್ಲಿರುವ ಬಿಳಿಯರ ಮನೆಗಳಿಗೆ ಬೆಲೆ ಏರಿಸಿದ್ದೇ ಎದ್ದು ಕಂಡಿತ್ತು.

ಈಗ ನಿಮ್ಮ ವಿಷಯ. ಮೇಲಿನ ಅಂಕಿಗಳು ಕಪ್ಪು ವರ್ಣೀಯರು ಮತ್ತು ಲ್ಯಾಟಿನೋಗಳ ಬಗ್ಗೆ. ಅವನ್ನು ಹಾಗೇ ತಂದು ಎಡಿಸನ್‌ನ ನಮ್ಮ ಜನಕ್ಕೆ ಅನ್ವಯಿಸಬೇಡಿ. ತೋರಣದ ಯೋಚನೆ ಬಿಟ್ಟು ವರದಿ ಕೈಗೆತ್ತಿಕೊಳ್ಳಿ. ಅದರ ಪ್ರತಿಯನ್ನು ಲೆಂಡರ್, ಅಂದರೆ ಸಾಲ ಕೊಡುವವರು, ನಿಮಗೆ ಕೊಡಲೇಬೇಕು, ಕಾನೂನೇ ಇದೆ. ಚದರಡಿ, ಬೆಡ್‌ರೂಮ್, ಬಾತ್‌ರೂಮ್ ಸರಿ ಇದೆಯಾ? ಬೇಸ್‌ಮೆಂಟ್ ಕೆಲಸ ಮಾಡಿಸಿದ್ದು ಬಂದಿದೆಯಾ? ಕಾಂಪ್ಸ್ ಎಲ್ಲಿಯವು? ನಿಮ್ಮ ಪಕ್ಕದ ಬೀದಿಯಲ್ಲಿ ಒಳ್ಳೆಯ ಬೆಲೆಗೆ ಹೋದ ಮನೆ ಬಿಟ್ಟು ದೂರದ್ದು ಹಿಡಿದಿದ್ದಾರಾ?

ತಪ್ಪು ಸಿಕ್ಕರೆ ಲೆಂಡರ್‌ಗೆ ‘ರೀಕನ್ಸಿಡರೇಶನ್ ಆಫ್ ವ್ಯಾಲ್ಯೂ’, ಅಂದರೆ ಬೆಲೆಯ ಮರುಪರಿಶೀಲನೆ, ಬೇಕು ಎಂದು ಬರೆಯಿರಿ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್‌ಗೆ ಹೋಗುವ ಸಾಲಗಳಲ್ಲಿ ಇದಕ್ಕೆ ವ್ಯವಸ್ಥೆ ಇರಲೇಬೇಕು ಎಂಬ ನಿಯಮ 2024ರಲ್ಲಿ ಬಂತು. ಎಫ್‌ಎಚ್‌ಎ ಸಾಲಗಳಿಗೆ, ಅಂದರೆ ಕೇಂದ್ರ ಸರ್ಕಾರದ ವಿಮೆ ಇರುವ ಮನೆಸಾಲಗಳಿಗೆ, ತಂದಿದ್ದ ಇಂಥದೇ ನಿಯಮವನ್ನು 2025ರಲ್ಲಿ ಟ್ರಂಪ್ ಆಡಳಿತ ಹಿಂದಕ್ಕೆ ತೆಗೆದುಕೊಂಡಿತು, ಹಾಗಾಗಿ ನಿಮ್ಮ ಸಾಲ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಅರ್ಜಿ ಹೊಸ ಸಾಲ ಕ್ಲೋಸ್ ಆಗುವುದರೊಳಗೆ, ಅಂದರೆ ಸಾಲದ ಕಾಗದಗಳಿಗೆ ಕೊನೆಯ ಸಹಿ ಬೀಳುವ ಮೊದಲೇ, ಹೋಗಬೇಕು. ಅದರಲ್ಲಿ ಕೋಪ ಬೇಡ. ಬಿಟ್ಟುಹೋದ ಮೂರೋ ನಾಲ್ಕೋ ಮನೆಗಳ ವಿಳಾಸ, ಮಾರಾಟದ ತಾರೀಕು, ಬೆಲೆ ಇರಲಿ. ಸಾಮಾನ್ಯವಾಗಿ ಒಂದೇ ಅವಕಾಶ.

ವರದಿಯಲ್ಲಿ ಬಡಾವಣೆಯ ಜನರ ಮೂಲ, ಧರ್ಮ, ಭಾಷೆಯ ಬಗ್ಗೆ ಒಂದು ಸಾಲು ಕಂಡರೂ ಮಾತು ಬೇರೆ. ಆಗ ಕೇಂದ್ರದ ವಸತಿ ಇಲಾಖೆಗೆ ದೂರು ಕೊಡಬಹುದು. ಅದಕ್ಕೆ ಒಂದು ವರ್ಷದ ಗಡುವು ಇದೆ, ವರದಿಯ ಮೇಲಿನ ತಾರೀಕು ನೋಡಿಕೊಳ್ಳಿ.