ಕುರ್ಚಿ ಒರೆಸಿ ಹೋಗುತ್ತಿದ್ದವರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ವಯಸ್ಸು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಅವರ ಧರ್ಮ ಯಾವುದೆಂಬುದನ್ನು ಬೇಕೆಂದೇ ಹೇಳಿಲ್ಲ.)

ಐವತ್ತು ದಾಟಿದ ಆ ವ್ಯಕ್ತಿ ಮೊದಲ ದಿನ ಎರಡು ಸಲ ಹೇಳಿದ ಮೇಲೆಯೇ ಕುಳಿತರು. ಬಲಗೈಯನ್ನು ಕೊನೆಯವರೆಗೂ ಶಾಲಿನೊಳಗೇ ಇಟ್ಟುಕೊಂಡಿದ್ದರು. ಮಾತು ಮುಗಿಸಿ ಎದ್ದಾಗ ಕರವಸ್ತ್ರ ತೆಗೆದು, ತಾವು ಕುಳಿತಿದ್ದ ಕುರ್ಚಿಯ ಆಸನವನ್ನೂ ಹಿಡಿಯನ್ನೂ ನಿಧಾನವಾಗಿ ಒರೆಸಿದರು. ಏಕೆಂದು ನಾನು ಕೇಳಲಿಲ್ಲ.

ಹಲವು ವರ್ಷಗಳ ಹಿಂದೆ ಅವರಿಗೆ ಕುಷ್ಠರೋಗ ಬಂದಿತ್ತು. 12 ತಿಂಗಳ ಬಹುಔಷಧ ಚಿಕಿತ್ಸೆಯನ್ನು ತಪ್ಪದೆ ಮುಗಿಸಿ ಸಂಪೂರ್ಣ ಗುಣವಾಗಿದ್ದಾರೆ. ಉಳಿದಿರುವುದು ಬಾಗಿದ ಎರಡು ಬೆರಳು ಮತ್ತು ಸ್ಪರ್ಶವಿಲ್ಲದ ಅಂಗೈ ಮಾತ್ರ. ಆದರೂ ಮನೆಯಲ್ಲಿ ಅವರ ತಟ್ಟೆ, ಲೋಟ ಇಂದಿಗೂ ಬೇರೆ. ಮಗಳ ಮದುವೆಯ ದಿನ ‘ಅಪ್ಪಾ, ನೀವು ಒಳಗೇ ಇರಿ’ ಎಂದವನು ಸ್ವಂತ ಮಗ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಬದುಕಿನ ಬಗ್ಗೆ ಬೇಸರವಿತ್ತು, ಅಂಥ ಯೋಚನೆ ಇರಲಿಲ್ಲ.

ಅವರು ದೈವಭಕ್ತರು, ಒಂದು ದಿನವೂ ಪ್ರಾರ್ಥನೆ ತಪ್ಪಿಸಿದವರಲ್ಲ. ಏನೆಂದು ಪ್ರಾರ್ಥಿಸುತ್ತೀರಿ ಎಂದು ಕೇಳಿದಾಗ ಬಂದ ಉತ್ತರವನ್ನು ಆ ದಿನವೇ ಬರೆದಿಟ್ಟುಕೊಂಡೆ: ‘ಯಾವ ತಪ್ಪಿಗೆ ಅಂತ ಗೊತ್ತಿಲ್ಲ, ಆದರೂ ಕ್ಷಮಿಸು ಅಂತೀನಿ.’ ಮಾಡಿದ ಕರ್ಮ ಬಿಡುತ್ತದೆಯೇ ಎಂದು ಬಂಧುಗಳು ಆಡಿದ ಮಾತು ಅವರ ಪ್ರಾರ್ಥನೆಯೊಳಗೇ ಹೊಕ್ಕು ಕುಳಿತಿತ್ತು.

ಭಕ್ತಿಯಿದ್ದರೆ ಸಾಕು, ಮನಸ್ಸು ಗಟ್ಟಿಯಾಗುತ್ತದೆ ಎಂದು ಸುಲಭವಾಗಿ ಹೇಳುವವರಿಗೆ ಈ ಪ್ರಕರಣ ಸ್ವಲ್ಪ ಇರುಸುಮುರುಸು ಉಂಟುಮಾಡಬಹುದು. ಕಷ್ಟಕಾಲದಲ್ಲಿ ಧರ್ಮದ ಪಾತ್ರವನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್, ದೇವರನ್ನು ಜೊತೆಗಾರನೆಂದು ನಂಬಿ ಕಷ್ಟವನ್ನು ಎದುರಿಸುವುದಕ್ಕೂ ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆ ಅಥವಾ ಕೈಬಿಟ್ಟಿದ್ದಾನೆ ಎಂದು ನಂಬಿ ನವೆಯುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಮೊದಲನೆಯದು ಸಾಮಾನ್ಯವಾಗಿ ಆಸರೆಯಾದರೆ ಎರಡನೆಯದು ಖಿನ್ನತೆಯ ಜೊತೆಗೇ ಕಾಣಿಸಿಕೊಳ್ಳುತ್ತದೆ. ನನ್ನ ಮುಂದಿದ್ದವರಿಗೆ ನಂಬಿಕೆಯ ಕೊರತೆ ಇರಲಿಲ್ಲ. ಅವರ ನಂಬಿಕೆ ಅವರ ಪಕ್ಷದಲ್ಲಿರಲಿಲ್ಲ, ಅಷ್ಟೆ.

ಮೂರನೆಯ ಭೇಟಿಯಲ್ಲಿ, ‘ಜನ ನಿಮ್ಮನ್ನು ಹೇಗೆ ನೋಡುತ್ತಾರೆಂದು ಹೇಳಿದಿರಿ. ನೀವು ನಂಬಿದ ದೇವರು ಹೇಗೆ ನೋಡುತ್ತಾನೆ?’ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ‘ಜನ ನೋಡೋ ಹಾಗೇ ಅಂದ್ಕೊಂಡಿದ್ದೆ. ಯೋಚನೆ ಮಾಡಿರಲಿಲ್ಲ’ ಎಂದರು. ದೇವರು ಎಂಥವನೆಂದು ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ, ಆದ್ದರಿಂದ ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನೇ ಮನೆಗೆ ಒಯ್ಯಲು ಹೇಳಿದೆ.

ಮುಂದಿನ ಸಲ, ನನ್ನಂಥವರು ಹಿಂದೆ ಯಾರಾದರೂ ಇದ್ದರೇ ಎಂದು ಅವರೇ ಕೇಳಿದರು. 12ನೇ ಶತಮಾನದ ಶರಣೆ ಸೂಳೆ ಸಂಕವ್ವೆಯ ವಿಷಯ ಹೇಳಿದೆ. ಲೋಕ ನಾಚಿಕೆಗೇಡು ಎಂದ ಬದುಕಿನಿಂದ ಬಂದ ಆಕೆ ತನ್ನ ದೇವರನ್ನು ಕರೆದದ್ದು ‘ನಿರ್ಲಜ್ಜೇಶ್ವರ’ ಎಂದು. ಅವರು ಆ ಹೆಸರನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು. ಸಂಕವ್ವೆಗೆ ದೇವರಷ್ಟೇ ಅಲ್ಲ, ಅವಳ ಮಾತನ್ನು ವಚನವೆಂದು ಉಳಿಸಿಕೊಂಡ ಒಂದು ಬಳಗವೂ ಇತ್ತು ಎಂಬುದನ್ನೂ ಸೇರಿಸಿದೆ, ಏಕೆಂದರೆ ಪಕ್ಕದಲ್ಲಿ ಕೂರುವವರೇ ಇಲ್ಲದ ಭಕ್ತಿ ಬಹಳ ಕಾಲ ಒಬ್ಬರನ್ನು ಎತ್ತಿ ಹಿಡಿಯಲಾರದು.

ಕೊಟ್ಟ ಸಲಹೆ ಹೀಗಿತ್ತು. ಕ್ಷಮೆ ಕೇಳುವ ಮೊದಲು ತಪ್ಪಿನ ಹೆಸರು ಹೇಳಬೇಕು, ಹೆಸರು ಸಿಗದಿದ್ದರೆ ಆ ದಿನ ಕ್ಷಮೆ ಕೇಳದೆ ತಮ್ಮ ದುಃಖವನ್ನೋ ಸಿಟ್ಟನ್ನೋ ದೇವರ ಮುಂದಿಡಬೇಕು. ಈ ಕಾಯಿಲೆಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದಾರೆ. ಅದು ಪಾಪಪುಣ್ಯ ನೋಡಿ ಬರುವುದಿಲ್ಲ, ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ಹರಡುವುದೂ ನಿಲ್ಲುತ್ತದೆ ಎಂಬುದನ್ನು ಮನೆಯವರು ನನ್ನಿಂದಲ್ಲ, ವೈದ್ಯರ ಬಾಯಿಂದಲೇ ಕೇಳಬೇಕು. ಪ್ರಾರ್ಥನಾ ಸ್ಥಳದಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಕೂರುತ್ತಿದ್ದವರು, ಧರ್ಮಗುರುಗಳೊಡನೆ ಮೊದಲೇ ಮಾತಾಡಿ, ಒಂದು ಸಾಲು ಮುಂದೆ ಕೂರಬೇಕು. ಸ್ಪರ್ಶವಿಲ್ಲದ ಅಂಗೈಗೆ ಸುಟ್ಟ ಗಾಯವಾದರೂ ತಿಳಿಯದ ಕಾರಣ ದಿನವೂ ಕೈಯನ್ನು ಕಣ್ಣಿಂದ ನೋಡಿ ಪರೀಕ್ಷಿಸಿಕೊಳ್ಳಬೇಕು. ಹೊಸ ಹರಕೆ ಹೊರುವುದು ಬೇಡವೆಂದೆ. ಮನೆಯವರನ್ನು ಆತುರದಿಂದ ಕ್ಷಮಿಸಿಬಿಡುವುದೂ ಬೇಡವೆಂದೆ. ಅದಕ್ಕೆ ಅವರು ಸ್ವಲ್ಪ ಅಚ್ಚರಿಪಟ್ಟರು.

ಎಲ್ಲವೂ ನಡೆಯಲಿಲ್ಲ. ತಟ್ಟೆ ಇನ್ನೂ ಬೇರೆಯೇ ಇದೆ. ಒಂದು ಸಾಲು ಮುಂದೆ ಕುಳಿತ ದಿನ ಪಕ್ಕದವರೊಬ್ಬರು ಎದ್ದು ಹೋದರು, ಇವರು ಏಳಲಿಲ್ಲ. ‘ಈಗ ದೇವರ ಜೊತೆ ಜಗಳ ಆಡ್ತೀನಿ’ ಎಂದು ಒಮ್ಮೆ ನಗುತ್ತಲೇ ಹೇಳಿದರು. ಏಳನೆಯ ಭೇಟಿಗೆ ಮಗನೂ ಬಂದು ವೈದ್ಯರೊಡನೆ ಮಾತಾಡಿದ. ಅಪ್ಪನ ಮಡಿಲಿಗೆ ಮಗುವನ್ನು ಕೊಡಬಹುದೇ ಎಂಬುದೊಂದೇ ಅವನ ಪ್ರಶ್ನೆಯಾಗಿತ್ತು. ಕೊಡಬಹುದು ಎಂದರು ವೈದ್ಯರು. ಅವನು ಇನ್ನೂ ಕೊಟ್ಟಿಲ್ಲ. ಮುಂದಿನ ತಿಂಗಳು ಇಬ್ಬರೂ ಮತ್ತೆ ಬರುವವರಿದ್ದಾರೆ.